ಬೋಸ್ಟನ್ ಸಿಟಿ ಹಾಲ್: ತಜ್ಞರು ಮೆಚ್ಚಿದ, ಜನ ಮುನಿದ ಕಟ್ಟಡ

ಅಮೆರಿಕದ ಬೋಸ್ಟನ್ ನಗರದ ಆಡಳಿತ ಭವನವಾದ ಸಿಟಿ ಹಾಲ್ 2025ರ ಜನವರಿಯಲ್ಲಿ ಆ ನಗರದ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತು. ಇನ್ನು ಅದನ್ನು ಕೆಡವುವ ಮಾತಿರಲಿ, ಸ್ವರೂಪ ಬದಲಿಸುವುದೂ ಸುಲಭವಲ್ಲ. ಇದೇ ಕಟ್ಟಡವನ್ನು ಮಾರಿ ಕಚೇರಿಯನ್ನು ಬೇರೆಡೆಗೆ ಸಾಗಿಸೋಣವೆಂದು 2006ರಲ್ಲಿ ಅಂದಿನ ಮೇಯರ್ ಥಾಮಸ್ ಮೆನಿನೊ ಅವರೇ ಪ್ರಸ್ತಾಪಿಸಿದ್ದರು. 2008ರಲ್ಲಿ ಪ್ರವಾಸಿಗರ ಅಂತರ್ಜಾಲ ತಾಣವೊಂದರ ಮತದಾನದಲ್ಲಿ ಇದು ಜಗತ್ತಿನ ಅತಿ ಕುರೂಪಿ ಕಟ್ಟಡವೆನಿಸಿಕೊಂಡಿತ್ತು. ಆದರೆ 1976ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ತಜ್ಞರು ಇದಕ್ಕೆ ದೇಶದ ಶ್ರೇಷ್ಠ ಕಟ್ಟಡಗಳ ಸಾಲಿನಲ್ಲಿ ಆರನೆಯ ಸ್ಥಾನ ನೀಡಿದ್ದರು.

ಒಂದೇ ಕಟ್ಟಡದ ಬಗ್ಗೆ ಇಷ್ಟೊಂದು ಭಿನ್ನ ತೀರ್ಪುಗಳೇಕೆ? ಇದನ್ನು ಕೇವಲ ಅಭಿರುಚಿಯ ಜಗಳವೆಂದು ತಳ್ಳಿಹಾಕುವಂತಿಲ್ಲ.

ಆಶಯ ಏನಿತ್ತು?

1962ರಲ್ಲಿ ಮುಗಿದ ಮುಕ್ತ ಸ್ಪರ್ಧೆಗೆ 256 ವಿನ್ಯಾಸಗಳು ಬಂದಿದ್ದವು. ಗೆದ್ದವರು ಅಷ್ಟೇನೂ ಪರಿಚಿತರಲ್ಲದ ಗೆರ್ಹಾರ್ಡ್ ಕಾಲ್ಮನ್ ಮತ್ತು ಮೈಕೆಲ್ ಮೆಕಿನೆಲ್. 1968ರ ಅಂತ್ಯಕ್ಕೆ ಆಡಳಿತ ಹೊಸ ಭವನಕ್ಕೆ ಸ್ಥಳಾಂತರಗೊಂಡಿತು. ಕಟ್ಟಡದ ರೂಪವೇ ಆಡಳಿತದ ರಚನೆಯನ್ನು ಹೇಳಬೇಕೆಂಬುದು ಶಿಲ್ಪಿಗಳ ಉದ್ದೇಶವಾಗಿತ್ತು. ಜನ ನಿತ್ಯ ಬಂದುಹೋಗುವ ವಿಭಾಗಗಳು ಇಟ್ಟಿಗೆಯ ಕೆಳ ಅಂತಸ್ತುಗಳಲ್ಲಿ. ಮೇಯರ್ ಕಚೇರಿ ಮತ್ತು ನಗರ ಮಂಡಳಿಯ ಸಭಾಂಗಣ ನಡುವೆ, ಹೊರಗಿನಿಂದಲೇ ಗುರುತಾಗುವಂತೆ ಮುಂದಕ್ಕೆ ಚಾಚಿದ ಭಾಗಗಳಲ್ಲಿ. ಸಿಬ್ಬಂದಿಯ ಕಚೇರಿಗಳು ಮೇಲೆ, ಒಂದೇ ಬಗೆಯ ಕಿಟಕಿಗಳ ಸಾಲಿನ ಹಿಂದೆ. ಮುಂದಿನ ವಿಶಾಲ ಬಯಲಿಗೆ ಇಟಲಿಯ ಸಿಯೆನಾ ನಗರದ ಚೌಕ ಮಾದರಿಯಾಗಿತ್ತು.

ಗಿಲಾವಿಲ್ಲದ, ಬಣ್ಣವಿಲ್ಲದ ಕಾಂಕ್ರೀಟನ್ನು ಮುಚ್ಚಿಡದೆ ತೋರಿಸುವ ಈ ಶೈಲಿಗೆ ಬ್ರೂಟಲಿಸಂ ಎಂದು ಹೆಸರು. ಹಸಿ ಕಾಂಕ್ರೀಟ್ ಎಂಬರ್ಥದ ಫ್ರೆಂಚ್ ಮಾತಿನೊಂದಿಗೆ ಬೆಸೆದುಕೊಂಡ ಈ ಹೆಸರು ಇಂಗ್ಲಿಷ್ ಕಿವಿಗೆ ಕ್ರೌರ್ಯವೆಂದೇ ಕೇಳಿಸಿತು. ಚಂಡೀಗಢವನ್ನು ರೂಪಿಸಿದ ಲ ಕಾರ್ಬೂಸಿಯೆ ಅವರ ಕೃತಿಗಳ ಪ್ರಭಾವ ಈ ಭವನದ ಮೇಲೆ ಸ್ಪಷ್ಟವಾಗಿದೆ.

ಮುನಿಸಿನ ಮೂಲ

ಜನರ ಸಿಟ್ಟಿಗೆ ಮೊದಲ ಕಾರಣ, ಕಟ್ಟಡಕ್ಕಿಂತ ಅದು ನಿಂತ ನೆಲ. ನಾಟಕಶಾಲೆ, ಅಂಗಡಿ, ಹೋಟೆಲುಗಳಿಂದ ಗಿಜಿಗುಟ್ಟುತ್ತಿದ್ದ ಸ್ಕಾಲೆ ಸ್ಕ್ವೇರ್ ಪ್ರದೇಶವನ್ನು ನಗರ ನವೀಕರಣದ ಹೆಸರಿನಲ್ಲಿ ನೆಲಸಮ ಮಾಡಿ ಇಲ್ಲಿ ಸರ್ಕಾರಿ ಕೇಂದ್ರ ನಿರ್ಮಿಸಲಾಯಿತು. ಅದಕ್ಕೂ ಮುನ್ನ ಸಮೀಪದ ವೆಸ್ಟ್ ಎಂಡ್ ಬಡಾವಣೆಯ ಸಾವಿರಾರು ಮಂದಿ ಮನೆ ಕಳೆದುಕೊಂಡಿದ್ದರು. ಹಳೆಯ ಬೀದಿಗಳನ್ನು ಕಂಡವರಿಗೆ ಹೊಸ ಭವನ ಪ್ರಜಾಪ್ರಭುತ್ವದ ಸಂಕೇತವಾಗಿ ಕಾಣದೆ ಕಸಿದುಕೊಂಡದ್ದರ ಗುರುತಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯದು ಬಯಲು. ಇಟ್ಟಿಗೆ ಹಾಸಿದ ಆ ವಿಸ್ತಾರದಲ್ಲಿ ನೆರಳು ಕಡಿಮೆ, ಬೋಸ್ಟನ್ನಿನ ಚಳಿಗಾಲದ ಗಾಳಿಗೆ ತಡೆಯಿಲ್ಲ. ಮೆಟ್ಟಿಲುಗಳು ಗಾಲಿಕುರ್ಚಿಯವರಿಗೆ ಅಡ್ಡಿಯಾದವು. ಮೂರನೆಯದು ನಿರ್ವಹಣೆ. ಭವನ ದಶಕಗಳ ಕಾಲ ಸರಿಯಾದ ಆರೈಕೆ ಕಾಣಲಿಲ್ಲ. ಭದ್ರತೆಯ ಕಾರಣದಿಂದ ಜನ ಓಡಾಡುತ್ತಿದ್ದ ಕೆಲವು ದಾರಿಗಳೂ ಮುಚ್ಚಿದವು. ಜನರನ್ನು ಒಳಗೆ ಕರೆಯಬೇಕಿದ್ದ ಕಟ್ಟಡ ಕೋಟೆಯಾಯಿತು.

ತಜ್ಞರು ಆರನೆಯ ಸ್ಥಾನ ನೀಡಿದ ಅದೇ 1976ರ ಏಪ್ರಿಲ್ 5ರಂದು ನಡೆದ ಘಟನೆಯನ್ನು ಇಲ್ಲಿ ನೆನೆಯಬೇಕು. ಶಾಲೆಗಳಲ್ಲಿ ವರ್ಣಭೇದ ನಿವಾರಿಸಲು ಮಕ್ಕಳನ್ನು ಬಸ್ಸುಗಳಲ್ಲಿ ಬೇರೆ ಬಡಾವಣೆಗಳಿಗೆ ಕಳುಹಿಸುವ ವ್ಯವಸ್ಥೆಯನ್ನು ವಿರೋಧಿಸಿ ಬಂದ ಗುಂಪು, ಸಿಟಿ ಹಾಲ್‌ಗೆ ಹೋಗುತ್ತಿದ್ದ ಕಪ್ಪು ವರ್ಣೀಯ ವಕೀಲ ಟೆಡ್ ಲ್ಯಾಂಡ್ಸ್‌ಮಾರ್ಕ್ ಅವರ ಮೇಲೆ ಭವನದ ಆವರಣದಲ್ಲೇ ಎರಗಿತು. ಒಬ್ಬ ಯುವಕ ರಾಷ್ಟ್ರಧ್ವಜದ ಕೋಲನ್ನೇ ಅವರತ್ತ ಬೀಸಿದ. ಸ್ಟ್ಯಾನ್ಲಿ ಫೋರ್ಮನ್ ತೆಗೆದ ಆ ಕ್ಷಣದ ಛಾಯಾಚಿತ್ರಕ್ಕೆ 1977ರಲ್ಲಿ ಪುಲಿಟ್ಜರ್ ಪ್ರಶಸ್ತಿ ಸಂದಿತು. ಎಲ್ಲರಿಗೂ ಸೇರಿದ್ದೆಂದು ನಕ್ಷೆಯಲ್ಲಿ ಬರೆದ ಮಾತ್ರಕ್ಕೆ ಬಯಲು ಎಲ್ಲರದಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ಮುಂದೇನು?

ಬದಲಾವಣೆ ನಿಧಾನವಾಗಿ ಬಂದಿದೆ. ಸಂರಕ್ಷಣೆಯ ಯೋಜನೆ ರೂಪಿಸಲು 2017ರಲ್ಲಿ ಗೆಟ್ಟಿ ಪ್ರತಿಷ್ಠಾನ ನೆರವು ನೀಡಿತು. ನವೀಕರಿಸಿದ ಬಯಲು 2022ರ ನವೆಂಬರ್‌ನಲ್ಲಿ ಮತ್ತೆ ತೆರೆಯಿತು. ಈಗ ಅಲ್ಲಿ ಹೊಸ ಮರಗಳಿವೆ, ಆಸನಗಳಿವೆ, ಮಕ್ಕಳ ಆಟದ ತಾಣವಿದೆ, ಗಾಲಿಕುರ್ಚಿ ಸಾಗಬಲ್ಲ ಇಳಿಜಾರಿನ ದಾರಿಯಿದೆ.

ತಜ್ಞರು ಅಳೆದದ್ದು ಕಲ್ಪನೆಯ ಧೈರ್ಯವನ್ನು. ನಾಗರಿಕರು ಅಳೆದದ್ದು ಬಾಗಿಲಿನವರೆಗಿನ ನಡಿಗೆಯನ್ನು. ಎರಡೂ ಅಳತೆಗಳು ನ್ಯಾಯವಾದವೇ. ಕಾನೂನು ಇನ್ನು ಕಾಂಕ್ರೀಟನ್ನು ಕಾಯುತ್ತದೆ. ಆದರೆ ತೆರಿಗೆ ಕಟ್ಟಲು, ದೂರು ನೀಡಲು ಬರುವ ಸಾಮಾನ್ಯನಿಗೆ ಒಳಗೆ ಸಿಗುವ ಸ್ವಾಗತವನ್ನು ಯಾವ ಪಟ್ಟಿಯೂ ಕಾಯಲಾರದು. ಆ ಹೊಣೆ ಆಡಳಿತದ್ದೇ. ಸಿಟಿ ಹಾಲ್ ಸುಂದರವೋ ಕುರೂಪವೋ ಎಂಬ ವಾದಕ್ಕೆ ಉತ್ತರವೂ ಅಲ್ಲಿಯೇ ಸಿಗಬೇಕು.