ಲೆಕ್ಕ ಮೊದಲು ಯಾರಿಗೆ?

ಕೆನಡಾದ ವ್ಯಾಂಕೂವರ್ ನಗರದ ಮಗ್ಗುಲಲ್ಲಿ ಕ್ವಿಕ್ವೆಟ್ಲಮ್ ಎಂಬ ಪುಟ್ಟ ಮೂಲನಿವಾಸಿ ಸಮುದಾಯವಿದೆ. 2014ರಲ್ಲಿ ಅದರ ಸದಸ್ಯರು ಎಂಬತ್ತು ಚಿಲ್ಲರೆ ಜನ. ಆ ವರ್ಷ ಹೊಸ ಕಾನೂನಿನಂತೆ ಸಮುದಾಯದ ಲೆಕ್ಕಪತ್ರ ಬಹಿರಂಗವಾದಾಗ, ಅದರ ಮುಖ್ಯಸ್ಥ ಒಂದೇ ವರ್ಷದಲ್ಲಿ 9,14,219 ಡಾಲರ್ ಪಡೆದಿದ್ದಾನೆಂದು ತಿಳಿಯಿತು. ಅದರಲ್ಲಿ 8 ಲಕ್ಷ ಡಾಲರ್ ಬೋನಸ್. ಪ್ರಾಂತ ಸರ್ಕಾರದೊಂದಿಗೆ ನಡೆದ ಭೂಮಿಯ ಒಪ್ಪಂದದಿಂದ ಹುಟ್ಟಿದ ಹಣ. ಆರ್ಥಿಕ ಅಭಿವೃದ್ಧಿಯ ಹುದ್ದೆಯೂ ಅವನ ಕೈಯಲ್ಲೇ ಇತ್ತು. ಸಮುದಾಯದ ಹಲವರು ಬೆಚ್ಚಿಬಿದ್ದರು. ತಲೆತಲಾಂತರದಿಂದ ತಮ್ಮದೆಂದು ಹೇಳಿಕೊಂಡು ಬಂದ ನೆಲದ ಬೆಲೆ ಯಾರ ಕೈ ಸೇರಿತು ಎಂಬುದನ್ನು ಅವರು ಇಡೀ ದೇಶದ ಜೊತೆಗೇ ತಿಳಿಯಬೇಕಾಯಿತು.

ಅಂದಿನ ಪ್ರಧಾನಿ ಸ್ಟೀಫನ್ ಹಾರ್ಪರ್ ಸರ್ಕಾರ 2013ರಲ್ಲಿ ತಂದ ಆ ಕಾನೂನಿನ ಪ್ರಕಾರ ಪ್ರತಿಯೊಂದು ಸಮುದಾಯವೂ ಆಡಿಟ್ ಆದ ಲೆಕ್ಕವನ್ನೂ ಮುಖ್ಯಸ್ಥರ, ಕೌನ್ಸಿಲ್ ಸದಸ್ಯರ ಸಂಬಳವನ್ನೂ ಅಂತರ್ಜಾಲದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಇಡಬೇಕಿತ್ತು. ಇಡದಿದ್ದರೆ ಅನುದಾನ ತಡೆಹಿಡಿಯುವ ಅಧಿಕಾರ ಸರ್ಕಾರಕ್ಕಿತ್ತು. ಕ್ವಿಕ್ವೆಟ್ಲಮ್ ಪ್ರಕರಣವನ್ನು ತೋರಿಸಿ ಕಾನೂನಿನ ಪರ ಇದ್ದವರು ‘ನೋಡಿದಿರಾ’ ಎಂದರು. ಹಾಗನ್ನುವ ಹಕ್ಕು ಆ ಸರ್ಕಾರಕ್ಕೆ ಎಷ್ಟಿತ್ತು ಎಂದು ಕೇಳಲೇಬೇಕು.

1850ರಲ್ಲಿ ಹ್ಯೂರಾನ್ ಸರೋವರದ ಉತ್ತರದ ವಿಶಾಲ ನಾಡನ್ನು ರಾಬಿನ್ಸನ್ ಒಪ್ಪಂದದ ಮೂಲಕ ಪಡೆದಾಗ, ಆ ನೆಲದ ಆದಾಯ ಏರಿದಂತೆ ಅಲ್ಲಿನ ಮೂಲನಿವಾಸಿಗಳಾದ ಅನಿಷಿನಾಬೆ ಜನರ ವಾರ್ಷಿಕ ಹಣವನ್ನೂ ಏರಿಸುವುದಾಗಿ ಬ್ರಿಟಿಷ್ ಪ್ರಭುತ್ವ ಮಾತು ಕೊಟ್ಟಿತ್ತು. 1875ರಲ್ಲಿ ತಲೆಗೆ 4 ಡಾಲರ್ ಆಯಿತು. ಮುಂದೆ ಗಣಿ ತೆಗೆದರು, ಮರ ಕಡಿದರು, ರೈಲು ಹಾಕಿದರು. ಆ 4 ಡಾಲರ್ ಮಾತ್ರ ಒಂದೂವರೆ ಶತಮಾನ ಅಲ್ಲೇ ನಿಂತಿತು. ನೆಲದಿಂದ ಬಂದದ್ದೆಷ್ಟು ಎಂದು ಸರ್ಕಾರ ತಾನಾಗಿ ಎಂದೂ ಲೆಕ್ಕ ಒಪ್ಪಿಸಲಿಲ್ಲ. 1927ರಿಂದ 1951ರವರೆಗಂತೂ ಭೂಮಿಯ ಹಕ್ಕು ಕೇಳಲು ಸರ್ಕಾರದ ಅನುಮತಿಯಿಲ್ಲದೆ ಚಂದಾ ಎತ್ತುವುದೇ ಅಪರಾಧವಾಗಿತ್ತು. ವಕೀಲನಿಗೆ ಕೊಡಲು ಕಾಸು ಕೂಡಿಸಿದವನು ಆರೋಪಿ. ಇಂಥ ಇತಿಹಾಸ ಬೆನ್ನಿಗಿರುವ ಸರ್ಕಾರ ‘ನಿಮ್ಮ ಲೆಕ್ಕ ತೋರಿಸಿ’ ಎಂದಾಗ ಆ ಜನ ಸಿಟ್ಟಾದದ್ದು ಸಹಜ. 2015ರ ಡಿಸೆಂಬರಿನಲ್ಲಿ ಹೊಸ ಸರ್ಕಾರ ಆ ಕಾನೂನಿನ ಬಲವಂತದ ಜಾರಿಯನ್ನು ಕೈಬಿಟ್ಟಿತು.

ಆದರೆ ಅನ್ಯಾಯಕ್ಕೆ ಗುರಿಯಾದ ಸಮುದಾಯದ ಒಳಗೂ ಅಧಿಕಾರವಿರುತ್ತದೆ, ಅಧಿಕಾರವಿಲ್ಲದವರೂ ಇರುತ್ತಾರೆ. ತೈಲದ ಆದಾಯವಿರುವ ಆನಿಯನ್ ಲೇಕ್ ಕ್ರೀ ಸಮುದಾಯದ ಕೌನ್ಸಿಲ್ ಈ ಕಾನೂನನ್ನು ಧಿಕ್ಕರಿಸಿತು. ತಮ್ಮ ವ್ಯವಹಾರದ ವಿವರ ಪ್ರತಿಸ್ಪರ್ಧಿಗಳಿಗೆ ಏಕೆ ಗೊತ್ತಾಗಬೇಕೆಂಬ ಅವರ ಪ್ರಶ್ನೆಯಲ್ಲಿ ಹುರುಳಿದೆ. ಅದೇ ಸಮುದಾಯದ ಹೆಣ್ಣುಮಗಳೊಬ್ಬಳು ಲೆಕ್ಕಕ್ಕಾಗಿ ಉಪವಾಸ ಕೂತು, ಆಮೇಲೆ ಕೋರ್ಟಿಗೂ ಹೋಗಬೇಕಾಯಿತಲ್ಲ, ಅದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ. 2017ರಲ್ಲಿ ಆಕೆ ಗೆದ್ದಳು. ಮರುವರ್ಷ ಮೇಲ್ಮನವಿಯಲ್ಲೂ ತೀರ್ಪು ಉಳಿಯಿತು.

ಭೂಮಿಯ ದಾವೆ ನಡೆಯುವಾಗ ಗುಟ್ಟು ಬೇಕು ಎಂಬ ವಾದವಿದೆ. ಎಷ್ಟಕ್ಕೆ ಒಪ್ಪುತ್ತೇವೆ, ಯಾವ ದಾಖಲೆ ಕೈಯಲ್ಲಿದೆ ಎಂಬುದನ್ನು ಎದುರಾಳಿಗೆ ತಿಳಿಸಿ ಮಾತುಕತೆಗೆ ಕೂರಲಾಗದು, ನಿಜ. ಆದರೆ ಹಣ ಬಂದ ಮೇಲೆ ಅದು ಎಲ್ಲಿ ಹೋಯಿತು ಎಂಬುದು ಬೇರೆಯೇ ಮಾತು; ಅದನ್ನು ಸದಸ್ಯರಿಂದ ಮುಚ್ಚಿಟ್ಟರೆ ಎದುರಾಳಿಗೆ ಏನೂ ನಷ್ಟವಿಲ್ಲ. ಮೇಲಾಗಿ ಈ ಹಕ್ಕಿನ ಸ್ವರೂಪವನ್ನೇ ನೋಡಿ. ಮೂಲನಿವಾಸಿ ಭೂಮಿಯ ಹಕ್ಕು ಇಡೀ ಸಮುದಾಯದ ಸಾಮೂಹಿಕ ಹಕ್ಕು ಎಂದು ಕೆನಡಾದ ಸುಪ್ರೀಂ ಕೋರ್ಟ್ 1997ರಲ್ಲಿ ಡೆಲ್ಗಮೂಕ್ ಪ್ರಕರಣದಲ್ಲಿ ಹೇಳಿತು. ಅದೇ ಕೋರ್ಟಿನ 2014ರ ಸಿಲ್ಕೋಟಿನ್ ತೀರ್ಪು ಇನ್ನೂ ಮುಂದೆ ಹೋಗಿ, ಮುಂದಿನ ತಲೆಮಾರುಗಳಿಗೆ ದಕ್ಕದಂತೆ ಆ ನೆಲವನ್ನು ಬಳಸಕೂಡದು ಎಂದಿತು. ‘ಈ ನೆಲ ನಮ್ಮೆಲ್ಲರದು, ಹುಟ್ಟಲಿರುವ ಮಕ್ಕಳದೂ’ ಎಂದು ನ್ಯಾಯಾಲಯದಲ್ಲಿ ವಾದಿಸಿದ ಕೌನ್ಸಿಲ್, ಅದೇ ನೆಲದ ಹಣ ಬಂದಾಗ ‘ನಿಮಗೇಕೆ ಲೆಕ್ಕ’ ಎಂದರೆ ತನ್ನ ದಾವೆಯ ಬುಡವನ್ನೇ ತಾನು ಕಡಿದಂತೆ. ಎಂಬತ್ತು ಜನರ ಸಮುದಾಯದಲ್ಲಿ ಪ್ರಶ್ನೆ ಕೇಳುವುದು ಇನ್ನೂ ಕಷ್ಟ. ಮನೆ ಹಂಚುವವರು, ಕೆಲಸ ಕೊಡುವವರು, ಲೆಕ್ಕ ಬರೆಯುವವರು ಎಲ್ಲರೂ ನೆಂಟರೇ ಆಗಿರುತ್ತಾರೆ. ಆದ್ದರಿಂದ ಕೇಳಿದರೆ ಕೊಡುತ್ತೇವೆ ಎಂದರೆ ಸಾಲದು. ಕೇಳುವ ಮೊದಲೇ, ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ, ಯಾರಿಗೆ ಎಷ್ಟು ಪಾಲು, ವಕೀಲರಿಗೆಷ್ಟು ಎಂಬುದು ಸದಸ್ಯರ ಸಭೆಯ ಮುಂದೆ ಬರಬೇಕು.

1850ರ ಅದೇ ರಾಬಿನ್ಸನ್ ಹ್ಯೂರಾನ್ ಒಪ್ಪಂದದ 21 ಸಮುದಾಯಗಳಿಗೆ, ಏರದೆ ನಿಂತ ಆ ವಾರ್ಷಿಕ ಹಣಕ್ಕಾಗಿ, 2023ರಲ್ಲಿ 1,000 ಕೋಟಿ ಡಾಲರ್ ಪರಿಹಾರ ನಿಗದಿಯಾಯಿತು. ವಕೀಲರ ಶುಲ್ಕ 51 ಕೋಟಿ ಡಾಲರ್ ಎಂದು ತಿಳಿದಾಗ ಗಾರ್ಡನ್ ರಿವರ್ ಮತ್ತು ಅಟಿಕಮೆಕ್‌ಶೆಂಗ್ ಎಂಬ ಎರಡು ಸಮುದಾಯಗಳು ಅದನ್ನು ಪರಿಶೀಲಿಸಬೇಕೆಂದು ನ್ಯಾಯಾಲಯದ ಬಾಗಿಲು ತಟ್ಟಿದವು. ತಮ್ಮನ್ನು ಗೆಲ್ಲಿಸಿದವರಿಂದಲೇ ಅವರು ಲೆಕ್ಕ ಕೇಳಿದರು. ಕೆನಡಾದ ಕೇಂದ್ರ ಮತ್ತು ಪ್ರಾಂತ ಸರ್ಕಾರಗಳು ಮಾಡಬೇಕಾದ ಕೆಲಸ ಬೇರೆ ಇದೆ: ಒಪ್ಪಂದದಿಂದ ತಮ್ಮ ಕೈಸೇರಿದ ಪ್ರತಿ ನಾಡಿನ ಗಣಿ, ಕಾಡು, ನೀರಿನಿಂದ ಬೊಕ್ಕಸಕ್ಕೆ ಬಂದದ್ದೆಷ್ಟು ಎಂಬುದನ್ನು ವರ್ಷವರ್ಷವೂ ಆಯಾ ಸಮುದಾಯದ ಮುಂದಿಡುವುದು.