ಮೌನವೂ ಎಚ್ಚರಿಕೆಯಾಗಬೇಕು

ಮಳೆಗಾಲ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಎರಡು ಸಂಖ್ಯೆಗಳು ಎಲ್ಲರ ನಾಲಗೆಯ ಮೇಲಿರುತ್ತವೆ. ಕೊಲ್ಹಾಪುರದ ರಾಜಾರಾಮ ಬಂಧಾರದ ಬಳಿ ಪಂಚಗಂಗೆ 39 ಅಡಿ ಮುಟ್ಟಿದರೆ ಎಚ್ಚರಿಕೆ, 43 ಅಡಿ ಮುಟ್ಟಿದರೆ ಅಪಾಯ. 2019ರ ಆಗಸ್ಟ್‌ನಲ್ಲಿಯೂ 2021ರ ಜುಲೈನಲ್ಲಿಯೂ ನದಿ ಅಲ್ಲಿ 55 ಅಡಿಯನ್ನು ಮೀರಿತು. ಶಿರೋಳ ತಾಲೂಕಿನ ಎಷ್ಟೋ ಹಳ್ಳಿಗಳು ನಡುಗಡ್ಡೆಗಳಾದವು, ಪುಣೆ–ಬೆಂಗಳೂರು ಹೆದ್ದಾರಿ ದಿನಗಟ್ಟಲೆ ಮುಚ್ಚಿತು, ವಿದ್ಯುತ್ತು ನಿಂತ ಊರುಗಳಲ್ಲಿ ಮೊಬೈಲುಗಳು ಒಂದೊಂದಾಗಿ ಆರಿದವು. ಅಂಥ ರಾತ್ರಿಯಲ್ಲಿ ಮುಂದಿನ ಮಟ್ಟ ಎಷ್ಟು ಎಂಬುದಕ್ಕಿಂತ, ಮುಂದಿನ ಸುದ್ದಿ ಬರುತ್ತದೆಯೇ ಎಂಬುದೇ ದೊಡ್ಡ ಪ್ರಶ್ನೆ. ಬೇಸಗೆಯಲ್ಲಿ ಮಾತ್ರ ಅಳತೆ ತೋರಿಸಿ ನೆರೆ ಬಂದಾಗ ಮುಳುಗಿಹೋಗುವ ಅಳತೆಗೋಲು ಇದ್ದೂ ಇಲ್ಲದಂತೆ.

ಈ ಮಾತನ್ನು ಇಲ್ಲಿ ಎತ್ತಿದ್ದು ನದಿಗಾಗಿ ಅಲ್ಲ. ದತ್ತಾಂಶ ಕೇಂದ್ರಗಳಿಗಾಗಿ, ಅಂದರೆ ಎಲ್ಲರೂ ಡೇಟಾ ಸೆಂಟರ್ ಎಂದು ಕರೆಯುವ ಕಟ್ಟಡಗಳಿಗಾಗಿ. ಕನ್ನಡ ವಿಭಾಗದ ಪತ್ರಿಕೆಗೂ ಇದಕ್ಕೂ ಏನು ಸಂಬಂಧವೆಂದು ಓದುಗರು ಹುಬ್ಬೇರಿಸಬಹುದು. ಸಂಬಂಧ ಬಹಳ ಹತ್ತಿರದ್ದು. ಗಡಿಯ ನಮ್ಮ ಅನೇಕ ಕುಟುಂಬಗಳಿಗೆ ಒಂದು ತುಂಡು ಹೊಲ ಶಿರೋಳದಲ್ಲಿ, ಇನ್ನೊಂದು ಚಿಕ್ಕೋಡಿಯಲ್ಲೋ ಅಥಣಿಯಲ್ಲೋ ಇರುತ್ತದೆ. ಒಂದರ ಸಾತಬಾರಾ ಉತಾರೆ ಮರಾಠಿಯಲ್ಲಿ ಮಹಾರಾಷ್ಟ್ರದ ಮಹಾಭೂಲೇಖದಲ್ಲಿದೆ. ಇನ್ನೊಂದರ ಪಹಣಿ ಕನ್ನಡದಲ್ಲಿ ಕರ್ನಾಟಕದ ‘ಭೂಮಿ’ಯಲ್ಲಿದೆ. ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ಆ ಯೋಜನೆಗೆ ಈಗ ಕಾಲು ಶತಮಾನ. ವಿದ್ಯಾರ್ಥಿಗಳ ಅಂಕಪಟ್ಟಿ ಡಿಜಿಲಾಕರ್ ಸೇರಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಮೊದಲಾದವು ನಮ್ಮ ಪಾಠದ ಕೋಣೆಯೊಳಕ್ಕೇ ಬಂದಿವೆ. ಖಿದ್ರಾಪುರದ ಕೋಪೇಶ್ವರ ದೇವಾಲಯದ ಕನ್ನಡ ಶಾಸನಗಳು ಶತಮಾನಗಳಿಂದ ಕೃಷ್ಣೆಯ ದಡದಲ್ಲಿಯೇ ನಿಂತಿವೆ. ಕಲ್ಲಿಗೆ ತಂಪೂ ಬೇಡ, ಬ್ಯಾಟರಿಯೂ ಬೇಡ. ಇಂದಿನ ನಮ್ಮ ಶಾಸನಗಳಿಗೆ ಎರಡೂ ಬೇಕು.

ಹಾಗಾದರೆ ಕಾಗದವೇ ಕ್ಷೇಮವೆನ್ನುವ ಹಳಬರ ವಾದವನ್ನು ನಾನು ಒಪ್ಪಲಾರೆ. 2012ರ ಜೂನ್ 21ರಂದು ಮುಂಬಯಿಯ ಮಂತ್ರಾಲಯಕ್ಕೆ (ರಾಯರ ಮಂತ್ರಾಲಯವಲ್ಲ, ಮಹಾರಾಷ್ಟ್ರದ ಸಚಿವಾಲಯ) ಬೆಂಕಿ ಬಿದ್ದಾಗ ಮೇಲಿನ ಅಂತಸ್ತುಗಳ ಕಡತಗಳು ರಾಶಿರಾಶಿಯಾಗಿ ಬೂದಿಯಾದವು. ಐವರು ಜೀವ ಕಳೆದುಕೊಂಡರು. ಕಾಗದಕ್ಕೂ ಕಾವಲು ಬೇಕಾಗಿತ್ತು.

ದತ್ತಾಂಶ ಕೇಂದ್ರದ ಶತ್ರು ಎಂದಾಕ್ಷಣ ನಾವು ದೂರದೇಶದ ಕಳ್ಳನನ್ನು ಊಹಿಸುತ್ತೇವೆ. ಮೊದಲ ಶತ್ರು ಮನೆಯೊಳಗೇ ಇದೆ, ಅದು ಶಾಖ. ಸರ್ವರ್ ಉಣ್ಣುವ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. ಯಂತ್ರಗಳ ಒಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿಯೊಳಗಿರಲಿ ಎಂಬುದು ಈ ಕ್ಷೇತ್ರದಲ್ಲಿ ಮಾನ್ಯವಾದ ಶಿಫಾರಸು. ತಂಪು ಮಾಡುವ ಯಂತ್ರ ನಿಂತರೆ, ತುಂಬಿದ ಕೋಣೆಯಲ್ಲಿ ಈ ಮೇರೆ ದಾಟಲು ಕೆಲವು ನಿಮಿಷಗಳು ಸಾಕು. 2022ರ ಜುಲೈ 19ರಂದು, ಇಂಗ್ಲೆಂಡಿನ ಉಷ್ಣತೆ ಮೊದಲ ಬಾರಿಗೆ 40 ಡಿಗ್ರಿ ಮೀರಿದ ದಿನ, ಲಂಡನ್ನಿನ ಗೈಸ್ ಮತ್ತು ಸೇಂಟ್ ಥಾಮಸ್ ಆಸ್ಪತ್ರೆಗಳ ಎರಡು ದತ್ತಾಂಶ ಕೇಂದ್ರಗಳೂ ಕೆಟ್ಟು ನಿಂತವು. ವೈದ್ಯರು ಮರಳಿ ಕಾಗದ ಹಿಡಿದರು. ವ್ಯವಸ್ಥೆ ಪೂರ್ತಿ ಸರಿಹೋಗಲು ವಾರಗಳೇ ಬೇಕಾದವು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಿಯಾನ್ ನಗರದ ಸರಕಾರಿ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳಿಗೆ ಹತ್ತಿದ ಬೆಂಕಿಯಿಂದ 600ಕ್ಕೂ ಹೆಚ್ಚು ಸರಕಾರಿ ವ್ಯವಸ್ಥೆಗಳು ಸ್ತಬ್ಧವಾದವು. ನೌಕರರು ಕಡತ ಇಡುತ್ತಿದ್ದ 858 ಟೆರಾಬೈಟ್ ಸಂಗ್ರಹ, ಬೇರೆಡೆ ಪ್ರತಿಯಿಲ್ಲದೆ, ಸುಟ್ಟೇಹೋಯಿತು.

ಶಾಖ, ಹೊಗೆ, ತೇವ, ನೆಲದ ಮೇಲಿನ ನೀರು, ಬ್ಯಾಟರಿಯ ಸ್ಥಿತಿ, ಜನರೇಟರಿನಲ್ಲಿ ಉಳಿದ ಡೀಸೆಲ್ಲು ಇವನ್ನೆಲ್ಲ ಅಳೆದು ಹೇಳುವುದಕ್ಕೆ ಪ್ರತಿ ಕೇಂದ್ರದಲ್ಲಿಯೂ ಸಣ್ಣ ಸಣ್ಣ ಸಂವೇದಕಗಳಿರುತ್ತವೆ. ಅವುಗಳ ಮಾತನ್ನು ಹೊತ್ತು ತರುವ ಇನ್ನೊಂದು ಪುಟ್ಟ ಜಾಲವಿರುತ್ತದೆ. ಉದ್ಘಾಟನೆಯ ಭಾಷಣಗಳಲ್ಲಿ ಸರ್ವರುಗಳ ಸಂಖ್ಯೆ ಬರುತ್ತದೆ, ಕಟ್ಟಡದ ವಿಸ್ತೀರ್ಣ ಬರುತ್ತದೆ. ಈ ಪುಟ್ಟ ಜಾಲದ ಹೆಸರನ್ನು ಯಾರೂ ಎತ್ತುವುದಿಲ್ಲ. ಹಣ ಉಳಿಸುವ ನೆಪದಲ್ಲಿ ಅದನ್ನು ಕಚೇರಿಯ ಸಾಮಾನ್ಯ ಜಾಲಕ್ಕೇ ಪೋಣಿಸಿಬಿಡುವುದುಂಟು. ಆಗ ಕಚೇರಿಯ ಸ್ವಿಚ್ಚು ಕೆಟ್ಟ ಗಳಿಗೆಯಲ್ಲೇ ಕಾವಲೂ ಕುರುಡಾಗುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ಕಾಯುವ ಜಾಲ ಕಾಯಲ್ಪಡುವ ಜಾಲಕ್ಕೆ ಋಣಿಯಾಗಿರಬಾರದು. ಅದಕ್ಕೆ ಬೇರೆ ತಂತಿ, ಬೇರೆ ಬ್ಯಾಟರಿ, ಹೊರಜಗತ್ತಿಗೆ ಸುದ್ದಿ ಮುಟ್ಟಿಸಲು ಬೇರೆ ದಾರಿ ಇರಬೇಕು. ತಂತಿಯನ್ನು ಬಳೆಯಾಕಾರದಲ್ಲಿ ಸುತ್ತಿಸಿದರೆ ಒಂದು ಕಡೆ ಕಡಿದಾಗ ಸುದ್ದಿ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಕಾರ್ಖಾನೆಗಳಲ್ಲಿ ಇದು ಹೊಸದಲ್ಲ. ಧೂಳು, ಬಿಸಿ, ಕಂಪನಗಳನ್ನು ತಾಳುವ ಸ್ವಿಚ್ಚುಗಳೂ ಅಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ.

ಆದರೆ ತಂತಿಗಿಂತ ಮುಖ್ಯವಾದ ಒಂದು ಗುಣವನ್ನು ಕಲಿಯಲು ನಾವು ಪಕ್ಕದ ಇಚಲಕರಂಜಿಗೆ ಹೋಗಬೇಕು. ಅಲ್ಲಿನ ಸ್ವಯಂಚಾಲಿತ ಮಗ್ಗಗಳಲ್ಲಿ ಹಾಸಿನ ಒಂದೊಂದು ಎಳೆಯ ಮೇಲೂ ತೆಳುವಾದ ಲೋಹದ ಪಟ್ಟಿಯೊಂದು ಕುಳಿತಿರುತ್ತದೆ. ಎಳೆ ಬಿಗಿಯಾಗಿರುವಷ್ಟು ಹೊತ್ತು ಪಟ್ಟಿ ಮೇಲಿರುತ್ತದೆ. ಎಳೆ ಕಡಿಯಿತೋ, ಪಟ್ಟಿ ಕೆಳಗೆ ಬೀಳುತ್ತದೆ, ಮಗ್ಗ ನಿಲ್ಲುತ್ತದೆ. ‘ನಾನು ಕಡಿದೆ’ ಎಂದು ನೂಲು ಬಂದು ಹೇಳಬೇಕಾಗಿಲ್ಲ, ಕಡಿಯುವುದೇ ಅದರ ಹೇಳಿಕೆ. ದತ್ತಾಂಶ ಕೇಂದ್ರದ ನಿಗಾ ಹಲವೆಡೆ ಇದಕ್ಕೆ ತದ್ವಿರುದ್ಧವಾಗಿರುತ್ತದೆ. ಸಂವೇದಕದ ತಂತಿ ಕಡಿದಾಗ ಪರದೆಯ ಮೇಲೆ ಕೊನೆಯ ಅಂಕಿ ಹಾಗೆಯೇ ಉಳಿದುಬಿಡುತ್ತದೆ. ಕೋಣೆ ಕುಲುಮೆಯಾಗುತ್ತಿದ್ದರೂ ಪರದೆ 24 ಡಿಗ್ರಿ ಎಂದು ಹಸಿರು ಬಣ್ಣದಲ್ಲಿ ನಗುತ್ತಿರುತ್ತದೆ. ಕೆಟ್ಟ ಸುದ್ದಿ ತಡವಾಗಿ ಬರುವುದಕ್ಕಿಂತ ಹಳೆಯ ಒಳ್ಳೆಯ ಸುದ್ದಿ ಹೊಸದರಂತೆ ಕಾಣುವುದು ಅಪಾಯಕರ. ಪ್ರತಿ ನಿಮಿಷವೂ ಪ್ರತಿ ಸಂವೇದಕವನ್ನು ಕೇಳಬೇಕು. ಎರಡು ಮೂರು ಸಲ ಉತ್ತರ ಬಾರದಿದ್ದರೆ, ಬೆಂಕಿ ಬಿದ್ದಾಗ ಹೊಡೆಯುವ ಗಂಟೆಯೇ ಆಗಲೂ ಹೊಡೆಯಬೇಕು. ಟೆಂಡರಿನ ಕರಾರಿನಲ್ಲಿ ಈ ಒಂದು ಷರತ್ತನ್ನು ಬರೆಯುವುದಕ್ಕೆ ಖರ್ಚೇನೂ ಇಲ್ಲ.

ಇನ್ನು ಕಳ್ಳನ ವಿಚಾರ. ಈ ಸಂವೇದಕಗಳು ಇಂದಿಗೂ ಆಡುವ ಮಾಡ್‌ಬಸ್ ಎಂಬ ಭಾಷೆ 1979ರದು. ಒಂದೇ ಕಾರ್ಖಾನೆಯ ಗೋಡೆಯೊಳಗಿನ ಮಾತಿಗಾಗಿ ಹುಟ್ಟಿದ ಅದರಲ್ಲಿ ‘ನೀನು ಯಾರು’ ಎಂದು ಕೇಳುವ ಪದ್ಧತಿಯೇ ಇಲ್ಲ. ಯಾರು ಆಜ್ಞೆ ಕೊಟ್ಟರೂ ಪಾಲಿಸುತ್ತದೆ. ಜಾಲದ ಸಾಧನಗಳನ್ನು ವಿಚಾರಿಸುವ ಎಸ್‌ಎನ್‌ಎಂಪಿಯ ಹಳೆಯ ಆವೃತ್ತಿಗಳಲ್ಲಿ ‘ಪಬ್ಲಿಕ್’ ಎಂಬ ಪದವೇ ಎಷ್ಟೋ ಕಡೆ ಕಾರ್ಖಾನೆಯಿಂದ ಬಂದ ಕೀಲಿಕೈ. ಅದನ್ನು ಬದಲಿಸದವರೇ ಹೆಚ್ಚು. ಬೀಗದ ಮೇಲೆಯೇ ಕೀಲಿಕೈ ನೇತುಹಾಕಿದಂತಾಯಿತು. 2022ರ ಆರಂಭದಲ್ಲಿ ಸೈಬಲ್ ಸಂಸ್ಥೆಯ ಸಂಶೋಧಕರು ಜಗತ್ತಿನಾದ್ಯಂತ ದತ್ತಾಂಶ ಕೇಂದ್ರಗಳ ತಂಪು, ವಿದ್ಯುತ್ತು ಮೊದಲಾದವನ್ನು ನಿರ್ವಹಿಸುವ 20,000ಕ್ಕೂ ಹೆಚ್ಚು ವ್ಯವಸ್ಥೆಗಳು ಅಂತರ್ಜಾಲಕ್ಕೆ ತೆರೆದುಕೊಂಡಿರುವುದನ್ನು ಕಂಡರು. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳ ನಾಲ್ಕು ಕೋಟಿ ಕಾರ್ಡುಗಳ ವಿವರ ಕದ್ದವರು ಒಳಹೊಕ್ಕದ್ದು ಶೀತಲೀಕರಣದ ಗುತ್ತಿಗೆದಾರನ ಪಾಸ್‌ವರ್ಡಿನಿಂದ. ನಮ್ಮ ದೇಶದಲ್ಲಿ 2019ರಲ್ಲಿ ಕೂಡಂಕುಳಂ ಅಣುಸ್ಥಾವರದ ಆಡಳಿತ ಜಾಲದ ಒಂದು ಗಣಕಕ್ಕೆ ಕುತಂತ್ರಾಂಶ ಹೊಕ್ಕಿತ್ತೆಂದು ಅಣುಶಕ್ತಿ ನಿಗಮವೇ ಒಪ್ಪಿಕೊಂಡಿತು. ಸ್ಥಾವರವನ್ನು ನಡೆಸುವ ಜಾಲ ಬೇರೆಯೇ ಇತ್ತು, ಅದಕ್ಕೆ ಬಾಧೆಯಿಲ್ಲ ಎಂದೂ ಹೇಳಿತು. ಪ್ರತ್ಯೇಕತೆಯ ಬೆಲೆಯನ್ನು ತಿಳಿಯಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ದುರಸ್ತಿಗಾರ ಪುಣೆಯಲ್ಲಿ ಕುಳಿತೇ ಎಲ್ಲವನ್ನೂ ನೋಡಲಿ ಎಂಬ ಅನುಕೂಲ ಯಾರಿಗೆ ಬೇಡ? ಅವನು ಬಂದ ಬಾಗಿಲನ್ನು ಕೆಲಸ ಮುಗಿದ ಮೇಲೆ ಮುಚ್ಚುವವರು ಯಾರು ಎಂಬುದು ಮಾತ್ರ ಮೊದಲೇ ಗೊತ್ತಿರಬೇಕು. ನೋಡುವ ಅಧಿಕಾರ ಬೇರೆ, ತಂಪಿನ ಯಂತ್ರವನ್ನು ನಿಲ್ಲಿಸುವ ಅಧಿಕಾರ ಬೇರೆ. ಎರಡನ್ನೂ ಒಂದೇ ಪಾಸ್‌ವರ್ಡಿಗೆ ಕಟ್ಟಬಾರದು.

ಇದೆಲ್ಲ ನವಿ ಮುಂಬಯಿಯ, ಬೆಂಗಳೂರಿನ ದೊಡ್ಡವರ ಮಾತು, ಜಯಸಿಂಗಪುರದ ಸಹಕಾರಿ ಬ್ಯಾಂಕಿಗೋ ಕಾಲೇಜಿಗೋ ಏಕೆ ಎನ್ನುವವರಿದ್ದಾರೆ. ಒಂದು ಕಪಾಟಿನಷ್ಟು ಸರ್ವರ್ ಇಟ್ಟವರಿಗೂ ಶಾಖ ಅದೇ, ನೀರು ಅದೇ. ಬಳೆಯಾಕಾರದ ಜಾಲ ಅವರಿಗೆ ಬೇಡ. ಒಂದೆರಡು ಸಂವೇದಕ, ಸ್ವಂತ ಬ್ಯಾಟರಿ, ಇಂಟರ್‌ನೆಟ್ಟನ್ನು ನೆಚ್ಚದೆ ಸಂದೇಶ ಕಳಿಸುವ ಒಂದು ಸಿಮ್, ಮತ್ತು ನೆರೆಯ ಮಟ್ಟಕ್ಕಿಂತ ಮೇಲಿನ ಅಂತಸ್ತು, ಇಷ್ಟಾದರೆ ಅರ್ಧ ಗೆದ್ದಂತೆ.

ಉಳಿದ ಅರ್ಧ ಮನುಷ್ಯನದು, ಅಲ್ಲಿ ನಮ್ಮ ವಿಭಾಗಕ್ಕೆ ಕೆಲಸವಿದೆ. ರಾತ್ರಿ ಎರಡು ಗಂಟೆಗೆ ಗಂಟೆ ಹೊಡೆದಾಗ ಅಲ್ಲಿರುವವನು ಎಂಜಿನಿಯರನಲ್ಲ. ಕಾವಲುಗಾರ, ಹೆಚ್ಚೆಂದರೆ ವೈರ್‌ಮನ್. ಅವನು ಕನ್ನಡ ಓದಬಲ್ಲ, ಮರಾಠಿ ಓದಬಲ್ಲ. ಪರದೆ ಮಾತ್ರ ಇಂಗ್ಲಿಷಿನ ಮೂರಕ್ಷರದ ಸಂಕ್ಷೇಪಗಳಲ್ಲಿ ಮಿನುಗುತ್ತದೆ. ಲಕ್ಷಾಂತರ ರೂಪಾಯಿಯ ವ್ಯವಸ್ಥೆ ಕೊನೆಯ ಮಾರಿನಲ್ಲಿ ಹೀಗೆ ಮೂಕವಾಗುತ್ತದೆ. ಪಾರಿಭಾಷಿಕ ಪದಕೋಶಗಳ ಗಾತ್ರ ಹಿಗ್ಗಿಸುವುದರಲ್ಲಿ ನಾವು ತೋರಿದ ಉತ್ಸಾಹದ ಒಂದು ಪಾಲನ್ನು ಇಂಥ ಹತ್ತು ಹನ್ನೆರಡು ವಾಕ್ಯಗಳಿಗೆ ಕೊಡಬಹುದು. ವಿದ್ಯಾರ್ಥಿಗಳು ಗಣಕ ವಿಭಾಗದವರೊಂದಿಗೆ ಕುಳಿತು, ಎರಡೂ ಭಾಷೆಗಳಲ್ಲಿ, ಬಾಗಿಲ ಬಳಿ ತೂಗುಹಾಕುವ ಹಲಗೆಯೊಂದನ್ನು ಬರೆಯಲಿ. ‘ಕೋಣೆ ಬಿಸಿಯಾಗುತ್ತಿದೆ.’ ‘ಬ್ಯಾಟರಿ ಹತ್ತು ನಿಮಿಷ ಮಾತ್ರ ಬಾಳುತ್ತದೆ.’ ‘ಹೊಗೆ ಕಂಡಿದೆ, ಒಳಗೆ ಹೋಗಬೇಡಿ, ಈ ಸಂಖ್ಯೆಗೆ ಕರೆ ಮಾಡಿ.’ ಇವು ಸುಲಭ. ಕಷ್ಟದ್ದು ‘ಲಿಂಕ್ ಡೌನ್’. ‘ಸಂಪರ್ಕವಿಲ್ಲ’ ಎಂದರೆ ಓದಿದವನು ಮರಳಿ ಮಲಗುತ್ತಾನೆ. ನಾನಾದರೆ ಹೀಗೆ ಬರೆಯುತ್ತೇನೆ: ‘ಒಳಗೆ ಏನಾಗುತ್ತಿದೆಯೋ ತಿಳಿಯುತ್ತಿಲ್ಲ. ಈಗಲೇ ಹೋಗಿ ನೋಡಿ.’