ಭರತಕ್ಕೆ ಟೈಮ್‌ಟೇಬಲ್ ಬರೆಯುವವರು

2023ರ ಮಾರ್ಚ್‌ನಲ್ಲಿ ನಮ್ಮ ಡೊಂಬಿವಲಿ ಮನೆಯಲ್ಲಿ ಥಾಯ್ಲೆಂಡ್ ಪ್ರವಾಸದ ಮಾತು ಎದ್ದಿತು. ಫುಕೆಟ್‌ನಿಂದ ಫಾಂಗ್ ನ್ಗಾ ಕೊಲ್ಲಿಗೆ ಹೋಗಿ, ಕಯಾಕ್ ಎಂಬ ಸಣ್ಣ ದೋಣಿಯಲ್ಲಿ ಸಮುದ್ರದ ಗುಹೆ ಹೊಕ್ಕು ಬರಬೇಕೆಂದು ಏಳು ವರ್ಷದ ಮೊಮ್ಮಗಳ ಹಟ. ಟ್ರಾವೆಲ್ ಏಜೆಂಟರ ಮುಂದೆ ಕೂತು ನಮ್ಮವರು ಕೇಳಿದ್ದು ಮೂರೇ ಪ್ರಶ್ನೆ. ಸಸ್ಯಾಹಾರಿ ಊಟ ಸಿಗ್ತದಾ? ಗ್ರೂಪಿನಲ್ಲಿ ನಮ್ಮ ಜನ ಇರ್ತಾರಾ? ರೇಟು ಇನ್ನೂ ಸ್ವಲ್ಪ ಇಳಿಸ್ತೀರಾ? ನೀರಿನ ಬಗ್ಗೆ ಒಂದು ಮಾತೂ ಇಲ್ಲ.

ಮನೆಗೆ ಬಂದು ಕಾಗದ ಓದಿದೆ. 'ಪ್ರತಿದಿನ ಬೆಳಿಗ್ಗೆ 10ಕ್ಕೆ ಗುಹೆ ಪ್ರವೇಶ' ಎಂದಿತ್ತು. ಪ್ರತಿದಿನ! ನಾನು ಹೊನ್ನಾವರದವನು, ಶರಾವತಿಯ ಅಳಿವೆಯಲ್ಲಿ ಭರತ-ಇಳಿತ ನೋಡಿ ಬೆಳೆದವನು. ಇಂದಿನ ಭರತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಜೋರು. ಫಾಂಗ್ ನ್ಗಾದ ಸುಣ್ಣಕಲ್ಲಿನ ದ್ವೀಪಗಳ ಹೊಟ್ಟೆಯಲ್ಲಿ ಆಕಾಶಕ್ಕೆ ತೆರೆದ ಕೊಳಗಳಿವೆ. ಥಾಯ್ ಭಾಷೆಯಲ್ಲಿ ಅವು 'ಹಾಂಗ್', ಅಂದರೆ ಕೋಣೆ. ಕೋಣೆಯ ಬಾಗಿಲೇ ಗುಹೆ. ನೀರು ಏರಿದರೆ ಆ ಬಾಗಿಲು ಮುಚ್ಚಿಹೋಗುತ್ತದೆ. ಅದು ಏಜೆಂಟರ ಗಡಿಯಾರ ನೋಡುವುದಿಲ್ಲ.

ಕೇಳಿದ್ದಕ್ಕೆ, "ಅಂಕಲ್, ಎಲ್ಲಾ ಅಲ್ಲಿಯವರು ನೋಡ್ಕೊಳ್ತಾರೆ. ಮೇ ಕೊನೆಗೆ ಹೋಗಿ, ಡಿಸ್ಕೌಂಟ್ ಇದೆ" ಎಂದರು. ಡಿಸ್ಕೌಂಟ್ ಯಾಕೆ ಮಾರಾಯ್ರೇ? ಮೇಯಿಂದ ಅಕ್ಟೋಬರ್‌ವರೆಗೆ ಅಲ್ಲಿ ಮುಂಗಾರು! 2018ರ ಜುಲೈ 5ರಂದು ಫುಕೆಟ್ ಬಳಿ ಬಿರುಗಾಳಿಗೆ ಪ್ರವಾಸಿ ದೋಣಿ ಮುಳುಗಿ 47 ಜನ ತೀರಿಕೊಂಡರು. ನಾವು ಡಿಸೆಂಬರಿಗೆ ಮುಂದೂಡಿದೆವು. ವಿಮೆಯ ಪಾಲಿಸಿ ತೆಗೆದರೆ ಸಣ್ಣ ಅಕ್ಷರದಲ್ಲಿ 'ಸಾಹಸ ಕ್ರೀಡೆ ಹೊರತು' ಎಂದಿದೆ. ಕಯಾಕ್ ಅದರಲ್ಲಿ ಬರುತ್ತದೆಯೇ ಎಂದು ಬರೆದು ಕೇಳಿದೆ. ಬರುತ್ತದೆ ಎಂದರು. ಹೆಚ್ಚಿನ ಪ್ರೀಮಿಯಂ ಕಟ್ಟಿದ ಮೇಲೆಯೇ ಸೇರಿಸಿಕೊಂಡರು.

ಇತ್ತ ಊರಿನಿಂದ ಭಾವನವರ ಫೋನು: "ಈ ವಯಸ್ಸಲ್ಲಿ ಸಮುದ್ರದ ಆಟ ಯಾಕೆ? ದಡದಲ್ಲಿ ಕೂತ್ಕೊಳ್ಳಿ." ಇದನ್ನೂ ನಾನು ಒಪ್ಪುವುದಿಲ್ಲ. ಕುರುಡು ಧೈರ್ಯ, ಕುರುಡು ಭಯ ಎರಡೂ ವಿಚಾರಿಸದ ಸೋಮಾರಿತನವೇ. ಬ್ಯಾಂಕಿನಲ್ಲಿ ಮೂವತ್ನಾಲ್ಕು ವರ್ಷ ಇಬ್ಬರನ್ನೂ ನೋಡಿದ್ದೇನೆ: ಓದದೆ ಸಹಿ ಹಾಕುವವರು, ಓದದೆ ಓಡಿಹೋಗುವವರು.

ಅಲ್ಲಿ ದೋಣಿ ಹತ್ತುವಾಗ ಮೊಮ್ಮಗಳಿಗೆ ದೊಡ್ಡವರ ಲೈಫ್ ಜಾಕೆಟ್ ತೊಡಿಸಿದರು. ಅದರ ಭುಜ ಹಿಡಿದು ಮೇಲಕ್ಕೆ ಎಳೆದೆ, ಕಿವಿಯವರೆಗೆ ಬಂತು. ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತದೆ, ಹುಡುಗಿ ಜಾರಿಹೋಗುತ್ತಾಳೆ. "ಬದಲಿಸಿ" ಎಂದು ನಿಂತೆ. ಹಿಂದಿನ ಸಾಲಿನಲ್ಲಿದ್ದ ನಮ್ಮವರೇ, "ಹೋಗ್ಲಿ ಬಿಡಿ ಅಂಕಲ್, ಲೇಟಾಗ್ತದೆ" ಎಂದು ಗೊಣಗಿದರು. ಹತ್ತು ನಿಮಿಷದಲ್ಲಿ ಚಿಕ್ಕದು ಸಿಕ್ಕಿತು. ಗುಹೆ ಹೊಕ್ಕಿದ್ದು ಹತ್ತಕ್ಕಲ್ಲ, ನೀರು ಇಳಿದ ಮೇಲೆ ಮಧ್ಯಾಹ್ನ ಎರಡೂವರೆಗೆ. ಹುಟ್ಟು ಹಾಕುತ್ತಿದ್ದ ಹುಡುಗ ಹೇಳಿದಂತೆ ಅಂಗಾತ ಮಲಗಿ ಒಳಗೆ ಹೋದೆವು. ಆ ಕೋಣೆಯ ಹಸಿರು ಬೆಳಕಿನಲ್ಲಿ ಸದಾ ಮಾತಾಡುವ ಮೊಮ್ಮಗಳು ಸುಮ್ಮನಾಗಿಬಿಟ್ಟಳು.

ಬೆಂಗಳೂರು, ಹುಬ್ಬಳ್ಳಿಯಲ್ಲೂ ಈಗ ಇಂಥ ಪ್ಯಾಕೇಜ್ ಮಾರುತ್ತಾರೆ. ಖಂಡಿತ ಹೋಗಿ. ಅದಕ್ಕೆ ಮೊದಲು ಸಾಲಿಗ್ರಾಮದ ಹತ್ತಿರ ಸೀತಾ ನದಿಯ ಹಿನ್ನೀರಿನಲ್ಲಿ ಮಕ್ಕಳನ್ನು ಕಯಾಕ್‌ನಲ್ಲಿ ಕೂರಿಸಿ ನೋಡಿ. ಏಜೆಂಟರ ಹತ್ತಿರ ಊಟದ ವಿಷಯ ಕೇಳಿ, ಬೇಡ ಅನ್ನುವುದಿಲ್ಲ. ಆದರೆ ಭರತ ಎಷ್ಟು ಹೊತ್ತಿಗೆ, ಮಗುವಿನ ಅಳತೆಯ ಜಾಕೆಟ್ ಇದೆಯೇ, ವಿಮೆಯಲ್ಲಿ ಏನಿದೆ ಎಂದು ಮೊದಲು ಕೇಳಿ. ಉತ್ತರ ಬರೆದು ಕೊಡದವರಿಗೆ ಅಡ್ವಾನ್ಸ್ ಕೊಡಬೇಡಿ.